ಗುಂಯ್ ಎಂದದ್ದು ನಾನಲ್ಲ

ಎಂಟುನೂರು ತಲೆಗಳು ಕತ್ತಲಲ್ಲಿ ಒಟ್ಟಿಗೆ ಹಿಂದಕ್ಕೆ ತಿರುಗಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಪರದೆಯ ಮೇಲೆ ತಾಯಿಯೊಬ್ಬಳು ಸಾಯುತ್ತಿದ್ದಳು. ಅವಳಿಗೆ ಬೆನ್ನು ಹಾಕಿದ ಊರು, ಕೊನೆಯ ಸಾಲಿನ ಮೂಲೆಯಲ್ಲಿ ಕೂತಿದ್ದ ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿತ್ತು. ಟಾಕೀಸಿನ ಸ್ಪೀಕರುಗಳಲ್ಲಿ 'ಗುಂಯ್' ಎಂಬ ಸದ್ದು ಬರುತ್ತಿತ್ತು. ನನಗೆ ಮಿಮಿಕ್ರಿ ಬರುತ್ತಿತ್ತು. ಈ ಎರಡು ಬರುವಿಕೆಗಳ ನಡುವೆ ಬೇರೆ ಯಾವ ಸಂಬಂಧವೂ ಇರಲಿಲ್ಲ. ಹೇಳುತ್ತಿರುವುದು ನಡೆದ ಸಂಗತಿ. ಆಗ ಯಾರೂ ನಂಬಲಿಲ್ಲ, ನೀವಾದರೂ ನಂಬಿ.

ನನ್ನ ಹೆಸರು ಅಷ್ಟೇನೂ ಚೆನ್ನಾಗಿರಲಿಲ್ಲ, ಒಪ್ಪುತ್ತೇನೆ. ಕಾಲೇಜು ಮುಗಿಸಿ ಊರಿಗೆ ಬಂದ ದಿನವೇ ಕುರಿಯಂತೆ 'ಬ್ಯಾ' ಎಂದು ಕೂಗಿ, ಇದೇ ನನ್ನ ಬಿ.ಎ. ಎಂದು ತೋರಿಸಿದ್ದೆ. ಪೊಲೀಸ್ ಸೀಟಿಯ ದನಿ ತೆಗೆದು ಇಸ್ಪೀಟಿನ ಗುಂಪನ್ನು ಚದುರಿಸಿದ್ದೆ. ಆದರೆ ಸಾಯುವ ತಾಯಿಯ ಮಾತಿನ ಮೇಲೆ ಜೇನುಹುಳ ಬಿಡುವಷ್ಟು ಕಟುಕ ನಾನಲ್ಲ.

ಚಿತ್ರದ್ದು ಆಗ ಏಳನೇ ವಾರ. ಸದ್ದು ಯಾವಾಗಲೂ ಆ ತಾಯಿಯ ಸಾವಿನ ದೃಶ್ಯದಲ್ಲೇ, ಅದೂ ಕೆಲವು ದಿನ ಮಾತ್ರ ಬರುತ್ತಿತ್ತು. ಟಾಕೀಸಿನ ಮಾಲೀಕರಾದ ಚಿಕ್ಕವೀರ ಶೆಟ್ಟರು ಪಟ್ಟಣದಿಂದ ಎರಡು ಸಲ ಮೆಕ್ಯಾನಿಕನನ್ನು ಕರೆಸಿದರು. ಅವನು ಸ್ಪೀಕರು ಬಿಚ್ಚಿದ, ಆಂಪ್ಲಿಫೈಯರಿನ ಬೆಸುಗೆಗಳನ್ನು ಮತ್ತೆ ಮಾಡಿದ, ರೀಲಿನಿಂದ ಶಬ್ದ ಹಿಡಿಯುವ ಪುಟ್ಟ ದೀಪವನ್ನೂ ಬದಲಿಸಿದ. ಎರಡು ದಿನವೂ ಶೆಟ್ಟರ ಪಕ್ಕದಲ್ಲಿ ಕೂತು ಪೂರ್ತಿ ಚಿತ್ರ ನೋಡಿದ. ಸದ್ದು ಬರಲಿಲ್ಲ.

"ಮಷೀನ್ ಸರಿಯಾಗಿದೆ ಸಾರ್. ನಿಮ್ಮ ಜನಗಳಲ್ಲೇ ಏನೋ ಇದೆ," ಎಂದು ಹೇಳಿ ಹೋದ.

ಶೆಟ್ಟರು ನನ್ನನ್ನು ಆಫೀಸಿಗೆ ಕರೆಸಿದರು.

"ಆ ಎರಡು ದಿನಾನೂ ನಾನು ಒಳಗೇ ಕೂತಿದ್ದೆ ಶೆಟ್ರೇ," ಎಂದೆ.

"ಗೊತ್ತು ಕಣಯ್ಯ. ಮೆಕ್ಯಾನಿಕ್ ಬಂದಿದ್ದಾನೆ ಅಂತ ಬಾಯಿ ಮುಚ್ಕೊಂಡು ಕೂತಿದ್ದೆ!"

ಇಂಥ ತರ್ಕಕ್ಕೆ ಯಾವ ವಿಶ್ವವಿದ್ಯಾಲಯದಲ್ಲೂ ಉತ್ತರ ಕಲಿಸುವುದಿಲ್ಲ. ಅಲ್ಲಿಗೇ ಮುಗಿಯಲಿಲ್ಲ. ನನ್ನಪ್ಪ ಆ ಟಾಕೀಸಿನ ಗೇಟ್‌ಕೀಪರು. ಇಪ್ಪತ್ತೆರಡು ವರ್ಷದಿಂದ ಅದೇ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದರು. ಭಾನುವಾರದ ಮ್ಯಾಟಿನಿಯಲ್ಲಿ ನಾನು ಮೈಕಿನ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕು, ಇಲ್ಲವಾದರೆ ಅಪ್ಪ ಗೇಟು ಬಿಡಬೇಕು ಎಂದು ಶೆಟ್ಟರು ತೀರ್ಪು ಕೊಟ್ಟರು. ಅಲ್ಲಿಯವರೆಗೆ ನನಗೆ ಒಳಗೆ ಪ್ರವೇಶವಿಲ್ಲ. ನನ್ನನ್ನು ತಡೆಯಬೇಕಾದವರೂ ಅಪ್ಪನೇ.

"ನೀವೂ ನನ್ನ ನಂಬಲ್ವಾ ಅಪ್ಪಾ?"

"ನಂಬೋ ಮಾತಲ್ಲ ಅದು. ಕ್ಷಮೆ ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಮಾಡದ ತಪ್ಪಿಗೆ?"

"ಮಾಡಿದ್ದಕ್ಕೆಲ್ಲ ಕೇಳಿದ್ದೀಯೇನು? ಅದರಲ್ಲಿ ಒಂದಕ್ಕೆ ಅಂತ ತಿಳ್ಕೊ."

ಗುರುವಾರ ಟಾಕೀಸಿನ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದೆ. ಸೆಖೆಗೆಂದು ತೆರೆದಿಟ್ಟಿದ್ದ ಬಾಗಿಲಿನಿಂದ ತಾಯಿಯ ನರಳಾಟ ಕೇಳಿಸಿತು, ಹಿಂದೆಯೇ 'ಗುಂಯ್'. ಓಡಿಹೋಗಿ ಅಪ್ಪನ ಮುಂದೆ ಬಾಯಿ ಮುಚ್ಚಿಕೊಂಡು ನಿಂತೆ. ಅಪ್ಪ ಸದ್ದನ್ನೂ ಕೇಳಿದರು, ನನ್ನ ಮುಖವನ್ನೂ ನೋಡಿದರು. ಮ್ಯಾಟಿನಿ ಮುಗಿಯುತ್ತಲೇ ಶೆಟ್ಟರಿಗೆ ಹೇಳಿಯೂ ಹೇಳಿದರು. ಶೆಟ್ಟರ ಉತ್ತರ ಸಿದ್ಧವಾಗಿತ್ತು: "ನೋಡಿದ್ಯಾ, ಈಗ ಹೊರಗಿಂದಾನೂ ಮಾಡೋದು ಕಲಿತುಬಿಟ್ಟ!"

ಸಿಟ್ಟಿನಿಂದ ನನಗೆ ಅನ್ನ ಸೇರಲಿಲ್ಲ. ಶುಕ್ರವಾರ ಬೆಳಿಗ್ಗೆ ಹಿಂಬಾಗಿಲಿನಿಂದ ಹೋಗಿ, ಚಿತ್ರ ಓಡಿಸುವ ಆಪರೇಟರ್ ಇನಾಸಪ್ಪನನ್ನು ಅವನ ಕ್ಯಾಬಿನ್ನಿನಲ್ಲೇ ಹಿಡಿದೆ.

"ಇನಾಸಣ್ಣ, ಆ ಸೀನ್ ಬಂದಾಗ ಇಲ್ಲಿ ಹೊಸದಾಗಿ ಏನಾಗುತ್ತೆ? ನಿಜ ಹೇಳು."

"ಏನೂ ಇಲ್ಲ." ಅವನು ರೀಲು ಸುತ್ತುವುದನ್ನು ನಿಲ್ಲಿಸಲಿಲ್ಲ.

"ಅಪ್ಪನ ಗೇಟು ಹೋಗುತ್ತೆ."

ಕೈ ನಿಂತಿತು. "ಯಾರಿಗೂ ಬಾಯಿ ಬಿಡಲ್ಲ ಅಂತ ಮಾತು ಕೊಡು." ಕೊಟ್ಟೆ. "ಮನಸ್ಸು ತಡೀದ ದಿನ ಆ ಸೀನಿಗೆ ಶೆಟ್ಟರು ಇಲ್ಲಿಗೆ ಬರ್ತಾರೆ. ಅಳೋದಕ್ಕೆ."

"ಶೆಟ್ರಾ? ಅಳೋದಾ?" ಎಂದೆ.

"ತಾಯಿ ಇಲ್ಲದೆ ಬೆಳೆದೋರು ಅವರು. ಜನದ ಮಧ್ಯೆ ಅಳೋಕೆ ಆಗುತ್ತಾ? ಈ ಸ್ಟೂಲ್ ಮೇಲೆ ಕೂತು ಅಳ್ತಾರೆ, ಆಮೇಲೆ ಮುಖ ಒಣಗಿಸ್ಕೊಂಡು ಕೆಳಗಿಳೀತಾರೆ. ಅದಕ್ಕೇ ಮನೆಯಿಂದ ಫ್ಯಾನ್ ತಂದಿಟ್ಟಿರೋದು."

ಮೇಜಿನ ಮೇಲೆ ಹಳೆಯ ಟೇಬಲ್ ಫ್ಯಾನು. ಅದರ ವೈರು ಕಾಲಿಗೆ ತೊಡರದಿರಲೆಂದು ಇನಾಸಪ್ಪನೇ ಅದನ್ನು ಸುರುಳಿ ಮಾಡಿ, ಪ್ರೊಜೆಕ್ಟರಿನಿಂದ ಶಬ್ದ ಒಯ್ಯುವ ಸಣ್ಣ ವೈರಿದ್ದ ಮೊಳೆಗೇ ನೇತುಹಾಕಿದ್ದ. ನಾನು ಖಾಲಿ ಹಾಲಿಗೆ ಇಳಿದೆ. ಅವನು ಒಂದು ರೀಲು ಓಡಿಸಿ, ಫ್ಯಾನು ಹಾಕಿದ. ಗುಂಯ್! ಆರಿಸಿದ. ನಿಶ್ಶಬ್ದ. ಪ್ರೊಜೆಕ್ಟರುಗಳ ಗಡಗಡದಲ್ಲಿ ಕ್ಯಾಬಿನ್ನಿನೊಳಗಿದ್ದವರಿಗೆ ಈ ಸದ್ದು ಕೇಳಿಸುವಂತೆಯೇ ಇರಲಿಲ್ಲ. ಶೆಟ್ಟರಿಗೆ ಕ್ಯಾಬಿನ್ನಿನ ಕಿಂಡಿಯಿಂದ ಕಂಡದ್ದು ನನ್ನ ಕಡೆ ತಿರುಗಿದ ಎಂಟುನೂರು ತಲೆಗಳು ಮಾತ್ರ. ಮೆಕ್ಯಾನಿಕ್ ಬಂದ ದಿನ ಅವರು ಕೆಳಗೇ ಕೂತು ಹಲ್ಲು ಕಚ್ಚಿ ಅಳು ತಡೆದಿದ್ದರು. ಜನ ಸರಿಯಾದ ದಿಕ್ಕಿಗೇ ತಿರುಗುತ್ತಿದ್ದರು. ಅವರ ಕಣ್ಣು ಹತ್ತಡಿ ಮೇಲಿನ ಕಿಂಡಿಯವರೆಗೆ ಏರದೆ ನನ್ನ ಮೇಲೇ ನಿಂತುಬಿಡುತ್ತಿತ್ತು.

"ವೈರ್‌ನ ಬೇರೆ ಮೊಳೆಗೆ ಹಾಕ್ತೀನಿ, ಮುಗೀತು," ಎಂದ ಇನಾಸಪ್ಪ.

"ಹಾಕಬೇಡ! ಈಗ ಸದ್ದು ನಿಂತರೆ, ನನ್ನ ಬಾಯಿ ಮುಚ್ಚಿಸಿದ್ದಕ್ಕೆ ನಿಂತಿತು ಅಂತಾರೆ."

ಭಾನುವಾರ ಮ್ಯಾಟಿನಿಗೆ ಮುಂಚೆ ಶೆಟ್ಟರಿಗೆ ಹೇಳಿದೆ: "ಆ ಸೀನಿನಲ್ಲಿ ಬಾಯಿ ತುಂಬ ನೀರು ತುಂಬ್ಕೊಂಡು ಪರದೆ ಪಕ್ಕ ನಿಲ್ತೀನಿ. ಸದ್ದು ಬರಲಿಲ್ಲ ಅಂದ್ರೆ ತಪ್ಪು ನಂದೇ. ಬಂದ್ರೆ ಅಪ್ಪನ ಗೇಟು ಅಪ್ಪನಿಗೇ."

"ನಿಲ್ಲು ನಿಲ್ಲು. ನಾನೂ ನೋಡ್ತೀನಿ," ಎಂದರು. ಎಲ್ಲಿಂದ ನೋಡುತ್ತಾರೆಂದು ಹೇಳಲಿಲ್ಲ.

ದೃಶ್ಯ ಬಂತು. ಆ ತಾಯಿ ಸಾಯಲು ಹನ್ನೆರಡು ನಿಮಿಷ ತೆಗೆದುಕೊಳ್ಳುತ್ತಿದ್ದಳು. ನಾನು ಕೆನ್ನೆ ಉಬ್ಬಿಸಿಕೊಂಡು ಮೈಕಿನ ಹತ್ತಿರ ನಿಂತೆ. ಮೂರನೇ ನಿಮಿಷಕ್ಕೆ 'ಗುಂಯ್' ಎಂದಿತು. ಹಿಂದಕ್ಕೆ ತಿರುಗಿ ಅಭ್ಯಾಸವಾಗಿದ್ದ ಎಂಟುನೂರು ತಲೆಗಳು ಒಮ್ಮೆ ಹಿಂದಕ್ಕೆ ಹೊರಳಿ, ಖಾಲಿ ಮೂಲೆಯನ್ನು ಕಂಡು, ಗಲಿಬಿಲಿಯಿಂದ ಮತ್ತೆ ಮುಂದಕ್ಕೆ ಬಂದವು. ನಾನು ಕೈ ಎತ್ತಿದೆ. ಮೊದಲೇ ಮಾತಾಗಿದ್ದಂತೆ ಇನಾಸಪ್ಪ ಫ್ಯಾನು ಆರಿಸಿದ. ಸದ್ದು ನಿಂತಿತು. ಮೇಲೆ ಶೆಟ್ಟರು ಗದರಿಕೊಂಡು ತಾವೇ ಫ್ಯಾನು ಹಾಕಿರಬೇಕು, ಮತ್ತೆ ಗುಂಯ್. ಕೈ ಎತ್ತಿದೆ, ನಿಂತಿತು. ಮತ್ತೆ ಗುಂಯ್. ಜನ ಸೀಟಿ ಹೊಡೆಯತೊಡಗಿದರು. ಮೂರನೆಯ ಸಲಕ್ಕೆ ಶೆಟ್ಟರು ಕಿಂಡಿಯಿಂದ ನನ್ನ ಉಬ್ಬಿದ ಕೆನ್ನೆಯನ್ನೂ ಎತ್ತಿದ ಕೈಯನ್ನೂ ನೋಡಿದ್ದಾರೆ, ತಮ್ಮ ಬೆರಳು ಸ್ವಿಚ್ಚು ಒತ್ತಿದಾಗಲೆಲ್ಲ ಜನ ಸೀಟಿ ಹೊಡೆಯುವುದನ್ನೂ ನೋಡಿದ್ದಾರೆ. ಫ್ಯಾನು ಆರಿಸಿ, ದಡದಡನೆ ಮೆಟ್ಟಿಲಿಳಿದು ಬಂದು ಮೈಕು ಹಿಡಿದರು.

"ಸದ್ದು ಫ್ಯಾನಿಂದು ಕಣ್ರಪ್ಪಾ, ಹುಡುಗನದ್ದಲ್ಲ," ಎಂದರು. ಆಮೇಲೆ ಬಾಗಿಲ ಕಡೆ ನೋಡಿ, "ಗೇಟು ನಿಂದೇ ಕಣಯ್ಯ, ಯಾರೂ ಕಿತ್ಕೊಳಲ್ಲ," ಎಂದರು.

ಅಪ್ಪ ಬಾಗಿಲಿಗೆ ಒರಗಿಕೊಂಡು ಉಸಿರುಬಿಟ್ಟರು. ಮುಂದಿನ ಅಗ್ಗದ ಸೀಟುಗಳ ಗಾಂಧಿ ಕ್ಲಾಸಿನಿಂದ ಒಬ್ಬ ಕೂಗಿದ: "ಅಲ್ಲಿ ನಿಮಗೆ ಫ್ಯಾನ್ ಯಾಕೆ ಶೆಟ್ರೇ?"

ಶೆಟ್ಟರ ಕೆನ್ನೆ ಇನ್ನೂ ಒದ್ದೆಯಾಗಿತ್ತು. ಬಾಯಿ ಬಿಡುವುದಿಲ್ಲವೆಂದು ಇನಾಸಪ್ಪನಿಗೆ ನಾನು ಮಾತು ಕೊಟ್ಟಿದ್ದೆ. ಆದರೆ ಊರೆಲ್ಲ ನನ್ನನ್ನು ದುರುಗುಟ್ಟಿ ನೋಡಿದ್ದು, ಅಪ್ಪ ಮಗನಿಗೆ ಅಡ್ಡಗಟ್ಟಿ ನಿಂತದ್ದು ಮರೆತಿರಲಿಲ್ಲ. ಹಾಗಾಗಿ ಒಂದೇ ಒಂದು ಮಾತನ್ನೂ ಆಡಲಿಲ್ಲ. ನೀರು ಉಗಿದು, ಮೈಕಿಗೆ ಬಾಗಿ, ಶನಿವಾರ ಮತ್ತೆ ಹಿಂಬಾಗಿಲಿನಿಂದ ನುಸುಳಿ ಕ್ಯಾಬಿನ್ನಿನ ಮೆಟ್ಟಿಲಲ್ಲಿ ಕದ್ದು ಕೇಳಿದ್ದ ಆ ಬಿಕ್ಕು, ಮೂಗೆಳೆತ, ಕೊನೆಯ ದೀರ್ಘವಾದ 'ಅಮ್ಮಾ' ಎಲ್ಲವನ್ನೂ ಶೆಟ್ಟರ ಕಂಠದಲ್ಲೇ ತೆಗೆದೆ.

ಅಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡರು. ಶೆಟ್ಟರು ನನ್ನನ್ನೇ ದಿಟ್ಟಿಸಿದರು. ಅವರ ತುಟಿ ಅದುರಿತು, ಹೊಟ್ಟೆ ಕುಣಿಯಿತು.

"ಹಂಗೇ ಕಣೋ!" ಎಂದು ತೊಡೆ ತಟ್ಟಿಕೊಂಡರು. "ಮೂಗೆಳೆಯೋದೂ ಹಂಗೇ, ಬಡ್ಡೀಮಗನೇ!"

ಆಮೇಲೆ ನಕ್ಕವರು ಎಂಟುನೂರು ಜನ. ಅವರೆಲ್ಲರಿಗಿಂತ ಜೋರಾಗಿ ನಕ್ಕವರು ಶೆಟ್ಟರು. ಕಣ್ಣೀರು ಮೀಸೆಯವರೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ. ನಮ್ಮ ಹಿಂದೆ ಪರದೆಯ ಮೇಲೆ ಆ ತಾಯಿ ಇನ್ನೂ ಸಾಯುತ್ತಲೇ ಇದ್ದಳು. ಅವಳ ಕೊನೆಯ ಮಾತುಗಳು ಒಂದಿಷ್ಟೂ ಸದ್ದಿನ ಕಲಬೆರಕೆಯಿಲ್ಲದೆ ಸ್ಪೀಕರುಗಳಿಂದ ಹೊರಬರುತ್ತಿದ್ದವು. ಕೇಳುವವರು ಒಬ್ಬರೂ ಇರಲಿಲ್ಲ.