ತೆಗೆದಾಗಿರುವ ಪಿತ್ತಕೋಶ

ವಿಮೆಯ ಕಿಟಕಿಯೊಳಗಿನ ಗುಮಾಸ್ತೆ ಕಂಪ್ಯೂಟರ್ ನೋಡಿದಳು, ಸ್ಕ್ಯಾನಿಂಗ್ ವರದಿ ನೋಡಿದಳು, ಮತ್ತೆ ಕಂಪ್ಯೂಟರ್ ನೋಡಿದಳು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ನಿಮ್ಮ ಅಕ್ಕನಿಗೆ ಪಿತ್ತಕೋಶವೇ ಇಲ್ಲವಲ್ಲಮ್ಮ. ಮೂರು ವರ್ಷದ ಹಿಂದೆ ಇಲ್ಲೇ ತೆಗೆದಾಗಿದೆ.”

ತಂಗಿ ತಿರುಗಿ ನೋಡಿದಳು. ಹಿಂದೆ ಗೋಡೆಯ ಪಕ್ಕದ ಸ್ಟ್ರೆಚರಿನಲ್ಲಿ ಅಕ್ಕ ಮಂಡಿಗಳನ್ನು ಹೊಟ್ಟೆಗೊತ್ತಿಕೊಂಡು ಮುದುರಿದ್ದಳು. ಆ ಇಲ್ಲದ ಪಿತ್ತಕೋಶವೇ ಅವಳನ್ನು ಬೆಳಗಿನಿಂದ ಹಿಂಡಿ ಹಿಪ್ಪೆ ಮಾಡುತ್ತಿತ್ತು. ಕೀವು ತುಂಬಿದೆ, ಸಂಜೆಯೊಳಗೆ ತೆಗೆಯದಿದ್ದರೆ ಒಡೆಯುತ್ತದೆ ಎಂದು ಡಾಕ್ಟರಮ್ಮ ಹೇಳಿ ಹೋಗಿದ್ದರು. ವಿಮೆಯವರ ಒಪ್ಪಿಗೆ ಬಾರದೆ ಈ ಆಸ್ಪತ್ರೆಯಲ್ಲಿ ಯಾರೂ ಚಾಕು ಮುಟ್ಟುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮಂಚ ಸಿಗುವ ಹೊತ್ತಿಗೆ ನಾಳೆಯಾಗುತ್ತದೆ. ಕಿಟಕಿಯ ಮೇಲೆ ವಿಮೆಯವರ ಪೋಸ್ಟರು, ಅದರಲ್ಲಿ ಹಲ್ಲು ಕಿರಿಯುವ ನಾಲ್ಕು ಜನ. ಕಾಯಿಲೆ ಬಿದ್ದವರ ಮನೆಯಲ್ಲಿ ಹಾಗೆ ನಗುವವರನ್ನು ಯಾರು ಕಂಡಿದ್ದಾರೋ.

“ಕಂಪ್ಯೂಟರ್ ತಪ್ಪಿರಬೇಕು ಮೇಡಂ,” ಎಂದಳು ತಂಗಿ.

“ಇರಬಹುದು. ಆದ್ರೆ ನಾಲ್ಕು ದಿನ ಮಲಗಿದ್ದು, ಗಂಜಿ ಕುಡಿದದ್ದು, ಹೊಲಿಗೆ ಬಿಚ್ಚಿದ್ದು ಎಲ್ಲಾ ಇದರಲ್ಲಿದೆ. ಕಂಪ್ಯೂಟರ್ ಇಷ್ಟೊಂದು ಕತೆ ಕಟ್ಟುತ್ತಾ?”

ಕಟ್ಟುವುದಿಲ್ಲ. ಕತೆ ಕಟ್ಟಿದ್ದು ಅಕ್ಕತಂಗಿಯರೇ. ಅಕ್ಕ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು, ಫ್ಯಾಕ್ಟರಿ ಕೊಟ್ಟ ಆರೋಗ್ಯ ವಿಮೆಯ ಕಾರ್ಡು ಅವಳ ಬಳಿ ಇತ್ತು. ತಂಗಿ ಡಿಪೋದಲ್ಲಿ ಬಸ್ಸುಗಳ ಒಳಗೆ ಗುಡಿಸಿ ಒರೆಸುವವಳು. ಅಲ್ಲಿನ ಕಂಟ್ರಾಕ್ಟರ್ ಕೊಡುತ್ತಿದ್ದುದು ಪೊರಕೆ ಮತ್ತು ಬೈಗುಳ. ಬಡವರಿಗೆಂದೇ ಮಹಿಳಾ ಸಂಘದವರು ಅಗ್ಗದ ವಿಮೆ ಮಾಡಿಸುತ್ತಿದ್ದರು, ವರ್ಷಕ್ಕೆ ಒಂದು ಜೊತೆ ಚಪ್ಪಲಿಗೆ ಆಗುವಷ್ಟು. ಮುಂದಿನ ತಿಂಗಳು ಸೇರೋಣ, ಮುಂದಿನ ತಿಂಗಳು ಸೇರೋಣ ಎಂದು ತಂಗಿ ಎರಡು ಜೊತೆ ಚಪ್ಪಲಿ ಸವೆಸಿದಳು. ಹೊಟ್ಟೆನೋವು ಮಾತ್ರ ಮುಂದಿನ ತಿಂಗಳವರೆಗೆ ಕಾಯಲಿಲ್ಲ.

ಮೂರು ವರ್ಷದ ಹಿಂದೆ ಅವಳು ನೆಲದ ಮೇಲೆ ಹೊರಳಾಡುತ್ತಿದ್ದಾಗ ಅಕ್ಕ ತನ್ನ ಕಾರ್ಡನ್ನು ಅವಳ ಕೈಗೆ ತುರುಕಿದ್ದಳು. “ಇಬ್ಬರದೂ ಒಂದೇ ಮೂತಿ ಕಣೇ. ನನ್ನ ಹೆಸರು ಕೂಗಿದ್ರೆ ಹೂಂ ಅನ್ನು, ಅಷ್ಟೇ.” ತಂಗಿ ನಾಲ್ಕು ದಿನ ಹೂಂ ಅಂದಳು. ನಿದ್ದೆಯಲ್ಲಿ ಕೂಗಿದರೂ ಹೂಂ ಅಂದಳು. ಮನೆಗೆ ಬಂದ ಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಪಿತ್ತಕೋಶ ತಲೆಗೆ ಒಂದೇ ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ.

ಡಾಕ್ಟರಮ್ಮ ಮತ್ತೆ ಬಂದರು. ವಿಷಯ ಕೇಳಿ ಅಕ್ಕನ ಕಡೆ ಬಗ್ಗಿದರು. “ಮೂರು ವರ್ಷದ ಹಿಂದೆ ನಿಮಗೆ ಆಪರೇಷನ್ ಆಗಿತ್ತಾ?”

“ಆಗಿತ್ತು,” ಎಂದಳು ಅಕ್ಕ, ಹಲ್ಲು ಕಚ್ಚಿಕೊಂಡು.

“ಏನು ತೆಗೆದ್ರು?”

“ಅದೇ... ಏನೋ ತೆಗೆದ್ರು. ಪೂರ್ತಿ ತೆಗೆದಿರಲಿಕ್ಕಿಲ್ಲ.”

ಬೇರೆ ದಿನವಾಗಿದ್ದರೆ ತಂಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಅಕ್ಕನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಸಾಯುವ ಹೊತ್ತಿನಲ್ಲೂ ತನ್ನನ್ನು ಬಚ್ಚಿಡಲು ನೋಡುತ್ತಿದ್ದಾಳಲ್ಲ, ಪೆದ್ದಿ.

ಡಾಕ್ಟರಮ್ಮ ಅಕ್ಕನ ಅಂಗಿಯನ್ನು ಸ್ವಲ್ಪ ಎತ್ತಿ ನೋಡಿದರು. ಹೊಟ್ಟೆ ಊದಿಕೊಂಡಿತ್ತು, ಗಾಯದ ಗುರುತು ಒಂದೂ ಇರಲಿಲ್ಲ. ಅಂಗಿ ಇಳಿಸಿ ಗುಮಾಸ್ತೆಯ ಮುಖ ನೋಡಿದರು.

ಗುಮಾಸ್ತೆ ದನಿ ತಗ್ಗಿಸಿದಳು. “ನೋಡಮ್ಮ, ಹನ್ನೆರಡಕ್ಕೆ ನಾನು ಇದನ್ನ ವಿಮೆಯವರಿಗೆ ಕಳಿಸಲೇಬೇಕು. ಕಾರ್ಡು ನಾನೇ ಕೊಟ್ಟೆ ಅಂತ ನಿಮ್ಮ ಅಕ್ಕ ಬರೆದುಕೊಟ್ರೆ ಕಾರ್ಡು ಈಗಲೇ ರದ್ದು, ಆಪರೇಷನ್ನೂ ಇಲ್ಲ. ಅವರಿಗೆ ಗೊತ್ತಿಲ್ಲದ ಹಾಗೆ ಕದ್ದೆ ಅಂತ ಬೇರೆಯವರು ಬರೆದುಕೊಟ್ರೆ ಅವರ ಕಾರ್ಡು ಉಳಿಯುತ್ತೆ. ಆದ್ರೆ ಹಾಗೆ ಬರೆದವರಿಗೆ ಹತ್ತು ವರ್ಷ ಯಾವ ವಿಮೆಯೂ ಸಿಗಲ್ಲ, ಅವರ ಮಕ್ಕಳಿಗೂ ಇಲ್ಲ. ಸಂಘದ್ದೂ ಸೇರಿ.”

ಸಂಘದ ಅರ್ಜಿ ತಂಗಿಯ ಚೀಲದಲ್ಲೇ ಇತ್ತು. ಕೊನೆಗೂ ಹೋದ ವಾರ ತುಂಬಿಸಿದ್ದಳು, ತನಗೂ ಉಬ್ಬಸದ ಮಗಳಿಗೂ ಸೇರಿಸಿ. ಇವತ್ತು ಕೊಟ್ಟು ಬರಬೇಕಿತ್ತು. ಒಂದೊಂದು ಉಸಿರಿಗೂ ಮಗಳು ಭುಜ ಎತ್ತುವುದು ಕಣ್ಣಮುಂದೆ ಬಂತು. ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು.

“ಹೇಳಬೇಡ ಕಣೇ,” ಅಕ್ಕ ನರಳಿದಳು. “ಮೇಡಂ, ಕಾರ್ಡು ನಾನೇ...”

“ನೀನು ಬಾಯಿ ಮುಚ್ಚು,” ಎಂದಳು ತಂಗಿ. ಹುಟ್ಟಿದಾಗಿನಿಂದ ಅಕ್ಕನಿಗೆ ಅವಳು ಆ ಮಾತು ಹೇಳಿರಲಿಲ್ಲ. “ಜ್ವರದಲ್ಲಿ ಏನೇನೋ ಬಡಬಡಿಸ್ತಿದ್ದಾಳೆ ಮೇಡಂ. ಇವಳಿಗೇನೂ ಗೊತ್ತಿಲ್ಲ.”

ತನ್ನ ಅಂಗಿಯ ಅಂಚು ಎತ್ತಿದಳು. ಹೊಟ್ಟೆಯ ಮೇಲೆ ನಾಲ್ಕು ಪುಟ್ಟ ಗುರುತುಗಳಿದ್ದವು. “ಕಾರ್ಡು ನಾನೇ ಕದ್ದಿದ್ದು. ಇವಳ ಊಟದ ಚೀಲದಿಂದ.”

ಗುಮಾಸ್ತೆಗೆ ನಿಜ ಗೊತ್ತಾಗಿತ್ತು. ಗೊತ್ತಾಗದವಳಂತೆ ಕಾಗದ ಮುಂದೆ ತಳ್ಳಿ, ಪೆನ್ನಿನ ಮುಚ್ಚಳ ತೆಗೆದುಕೊಟ್ಟಳು. ತಂಗಿ ಬರೆದಳು. ‘ಕದ್ದೆ’ ಎಂಬಲ್ಲಿ ಒತ್ತಕ್ಷರ ಅಂಕುಡೊಂಕಾಯಿತು. ಕೆಳಗೆ ಹೆಸರು ಬರೆದಳು. ಈ ಆಸ್ಪತ್ರೆಗೆ ಅವಳು ತನ್ನ ಸ್ವಂತ ಹೆಸರು ಕೊಟ್ಟದ್ದು ಇದೇ ಮೊದಲು.

ಒಪ್ಪಿಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ತಂಗಿ ಕೈ ಹಿಡಿಯಲು ಹೋದರೆ ಕೊಸರಿಕೊಂಡಳು.

“ಕಳ್ಳಿ,” ಎಂದಳು, ಅಳುತ್ತಾ. “ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದ ಕಳ್ಳಿ.”

“ಹೂಂ ಕಣಕ್ಕ,” ಎಂದಳು ತಂಗಿ.

ಆಪರೇಷನ್ ಥಿಯೇಟರಿನ ಬಾಗಿಲು ತೆರೆದು ನರ್ಸ್ ಅಕ್ಕನ ಹೆಸರು ಕೂಗಿದಳು. ತಂಗಿಯ ಬಾಯಿ ತಾನಾಗಿ ತೆರೆದುಕೊಂಡಿತು. ತುಟಿ ಕಚ್ಚಿ ಆ ‘ಹೂಂ’ ನುಂಗಿಕೊಂಡಳು, ಅಕ್ಕನ ಭುಜ ತಟ್ಟಿದಳು.

“ನಿನ್ನನ್ನೇ ಕಣಕ್ಕ ಕೂಗ್ತಿರೋದು. ಹೂಂ ಅನ್ನು.”