ಒಳಗಿರುವುದು ಅದೇ ಅಯಸ್ಕಾಂತ

ನನ್ನ ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವೆ ಉಳಿದುಹೋದ ಒಂದು ಸಂದು. ನಾನು ಕೂತರೆ ಗಿರಾಕಿ ಬೀದಿಯಲ್ಲೇ ನಿಲ್ಲಬೇಕು. ಗಿರಾಕಿ ಒಳಗೆ ಬಂದರೆ ನಾನು ಹೊರಗೆ ಹೋಗಬೇಕು. ಇಪ್ಪತ್ತಾರು ವರ್ಷದಿಂದ ಅಲ್ಲೇ ಕೂತು ಇಯರ್‌ಫೋನು, ಹೆಡ್‌ಫೋನು ಮಾರುತ್ತೇನೆ, ಕೆಟ್ಟು ಬಂದದ್ದನ್ನು ರಿಪೇರಿ ಮಾಡುತ್ತೇನೆ. ಬೀದಿಯವರಿಗೆ ನನ್ನ ನಿಜವಾದ ಹೆಸರು ಮರೆತೇ ಹೋಗಿದೆ. ಎಲ್ಲರಿಗೂ ನಾನು ವೈರಣ್ಣ.

ದುಬಾರಿ ಹೆಡ್‌ಫೋನನ್ನು ಕುತ್ತಿಗೆಗೆ ನೇತುಹಾಕಿಕೊಂಡು ಬಂದು ನನ್ನ ಮಾಲಿನ ಕಡೆ ನೋಡಿ ಮೂಗು ಮುರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥವರಿಗೆಂದೇ ಒಂದು ಆಟ ಇಟ್ಟುಕೊಂಡಿದ್ದೆ. ಯಾರೋ ರಿಪೇರಿಗೆ ಕೊಟ್ಟು ಮತ್ತೆ ಈ ಕಡೆ ತಲೆ ಹಾಕದ ಒಂದು ಭಾರೀ ಹೆಡ್‌ಫೋನು ನನ್ನ ಬಳಿ ಇತ್ತು. ಮೊದಲು ಅದರ ದಪ್ಪ ಮೆತ್ತೆಯನ್ನು ಕಿತ್ತು ಪಕ್ಕಕ್ಕೆ ಎಸೆಯುತ್ತಿದ್ದೆ. ಆಮೇಲೆ ಸ್ಕ್ರೂ ಬಿಚ್ಚಿ, ಹೊಟ್ಟೆ ಬಗೆದು, ಮೇಜಿನ ಮೇಲೆ ಹರಡುತ್ತಿದ್ದೆ. ಪಕ್ಕದಲ್ಲೇ ನನ್ನ ಅಗ್ಗದ ಇಯರ್‌ಫೋನನ್ನೂ ಒಡೆದಿಡುತ್ತಿದ್ದೆ.

"ನೋಡಿ ಸಾರ್. ಇಲ್ಲೂ ಅಯಸ್ಕಾಂತ, ಅಲ್ಲೂ ಅಯಸ್ಕಾಂತ. ಇಲ್ಲೂ ಕೂದಲಿನಂಥ ತಂತಿ, ಅಲ್ಲೂ ಅದೇ. ಮಿಕ್ಕಿದ್ದೆಲ್ಲ ಶೋಕಿ. ತಲೆ ಮೇಲೆ ಕೂತ್ಕೊಂಡು ಜೇಬಿಗೆ ಕೈ ಹಾಕೋದು ಅಂದ್ರೆ ಇದೇ!"

ಜನ ನಗುತ್ತಿದ್ದರು, ಅಗ್ಗದ್ದನ್ನೇ ಕೊಂಡು ಹೋಗುತ್ತಿದ್ದರು. ನಾನು ಯಾರಿಗೂ ಮೋಸ ಮಾಡಿದವನಲ್ಲ. ಹೇಳಿದ್ದೆಲ್ಲ ನಿಜವೇ ಆಗಿತ್ತು. ಈಗ ನನ್ನನ್ನು ಹಿಂಡುತ್ತಿರುವುದೂ ಅದೇ.

ನನಗೆ ಒಬ್ಬಳೇ ಮಗಳು. ಇಪ್ಪತ್ನಾಲ್ಕು ತುಂಬಿದರೂ ಮನೆಯಲ್ಲಿ ಅವಳು ಪುಟ್ಟಿಯೇ. ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹಾಳೆ ಮಡಚುವ ಯಂತ್ರದ ಬಾಯಿಯ ಹತ್ತಿರ ಅವಳ ಕೆಲಸ. ಮಡಚಿ ಬಿದ್ದ ಹಾಳೆಗಳನ್ನು ಹಿಡಿದು, ತಟ್ಟಿ, ಕಟ್ಟು ಮಾಡಿ ಇಡಬೇಕು. ಕೈಗೆ ಕೆಲಸ, ತಲೆಗೆ ಬಿಡುವು. ಆ ಬಿಡುವನ್ನು ಅವಳು ಒಂದು ಕ್ಷಣವೂ ದಂಡ ಮಾಡಲಿಲ್ಲ.

ಏಕೆಂದರೆ ಅವಳಿಗೆ ಬೇರೆಯೇ ಒಂದು ಕೆಲಸ ಬೇಕಾಗಿತ್ತು. ಆಂಬುಲೆನ್ಸಿಗೆ ಜನ ಫೋನ್ ಮಾಡುತ್ತಾರಲ್ಲ, ಆ ಕರೆ ತೆಗೆದುಕೊಳ್ಳುವ ಕೆಲಸ. ಗಾಡಿ ಬಂದು ಮುಟ್ಟುವವರೆಗೆ ಫೋನಿನ ಆ ಕಡೆ ಇದ್ದವರಿಗೆ ಹೀಗೆ ಮಾಡಿ, ಹಾಗೆ ಹಿಡಿಯಿರಿ ಎಂದು ಹೇಳಿಕೊಡುವವರು. ಅವಳಿಗೆ ಹದಿಮೂರು ವರ್ಷವಿದ್ದಾಗ ನಾನೂ ನನ್ನ ಹೆಂಡತಿಯೂ ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ನನ್ನ ತಾಯಿ ಅಡುಗೆಮನೆಯಲ್ಲಿ ಕುಸಿದುಬಿದ್ದರು. ಫೋನಿನಲ್ಲಿ ಯಾರೋ ಒಬ್ಬಾಕೆ, "ಹೆದರ್ಬೇಡ ಮಗು, ನಾನು ಇಲ್ಲೇ ಇದೀನಿ, ಅಜ್ಜಿ ಎದೆ ಮೇಲೆ ಎರಡೂ ಕೈ ಇಡು" ಎನ್ನುತ್ತ ಹೇಳಿಕೊಟ್ಟಳಂತೆ. ನನ್ನ ತಾಯಿ ಆಮೇಲೆ ಎರಡು ವರ್ಷ ಬದುಕಿದರು. ಪುಟ್ಟಿಗೆ ಆ ಹೆಂಗಸಿನ ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ತಾನೂ ಅವಳಂತಾಗಬೇಕು ಎಂಬುದೊಂದು ಗೊತ್ತಿತ್ತು.

ಪರೀಕ್ಷೆಗೆ ಓದಬೇಕಾದ ಪುಸ್ತಕ ಇಟ್ಟಿಗೆಯಷ್ಟು ದಪ್ಪ. ಇವಳು ಭಾನುವಾರ ಕೂತು ಪಾಠಗಳನ್ನು ತಾನೇ ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ವಾರವಿಡೀ ಯಂತ್ರದ ಮುಂದೆ ನಿಂತು ಅದನ್ನು ಕೇಳುತ್ತಿದ್ದಳು. ದಿನಕ್ಕೆ ಎಂಟು ಗಂಟೆ, ಮೂರು ವರ್ಷ.

ಒಂದು ಸಲ ಬಾಯಿಬಿಟ್ಟು ಕೇಳಿದಳು. "ಅಪ್ಪ, ನಮ್ಮ ಬೈಂಡಿಂಗ್ ಅಕ್ಕನ ಹತ್ರ ಕಿವಿ ಪೂರ್ತಿ ಮುಚ್ಚೋ ಹೆಡ್‌ಫೋನ್ ಇದೆ. ಅಂಥದ್ದು ಒಂದು ಕೊಡಿಸ್ತೀಯಾ?"

ನಾನು ಏನು ಮಾಡಿದೆ ಗೊತ್ತೇ? ಊಟದ ಮೇಜಿನ ಮೇಲೆ ಅವಳಿಗೂ ಅದೇ ಆಟ ತೋರಿಸಿದೆ. ಮೆತ್ತೆ ಕಿತ್ತು ಎಸೆದೆ, ಅಯಸ್ಕಾಂತ ತೋರಿಸಿದೆ. ವೈರಣ್ಣನ ಮಗಳು ದುಡ್ಡು ಕೊಟ್ಟು ಶೋಕಿ ಕೊಂಡರೆ ನನ್ನ ಮರ್ಯಾದೆ ಏನಾಗಬೇಕು? ಅವಳೂ ನಕ್ಕಳು. "ಸರಿ ಬಿಡಪ್ಪ, ನಿನ್ನ ಹತ್ರ ವಾದ ಮಾಡಿ ಗೆದ್ದೋರು ಯಾರಿದಾರೆ" ಎಂದು ನನ್ನ ಅಗ್ಗದ ಇಯರ್‌ಫೋನನ್ನೇ ಕಿವಿಗೆ ಸಿಕ್ಕಿಸಿಕೊಂಡು ಹೋದಳು.

ಕೆಲವು ವಾರ ಕಳೆದ ಮೇಲೆ, "ಅಪ್ಪ, ಸೌಂಡ್ ಸಾಲ್ತಿಲ್ಲ" ಎಂದಳು.

ಈ ಮಾತನ್ನು ನಾನು ದಿನಕ್ಕೆ ಹತ್ತು ಸಲ ಕೇಳುವವನು. ಸೌಂಡ್ ಸಾಲದಿದ್ದರೆ ಸೌಂಡ್ ಏರಿಸಬೇಕು. ನನ್ನ ಕಸುಬು ನನಗೆ ಕಲಿಸಿದ್ದು ಅಷ್ಟೇ. ಅವಳ ಮೊಬೈಲು ತೆಗೆದುಕೊಂಡೆ. ಇದಕ್ಕಿಂತ ಜೋರಾಗಿ ಕೇಳಬೇಡಿ ಎಂದು ಎಚ್ಚರಿಸುವ ಒಂದು ಮಿತಿ ಅದರಲ್ಲಿರುತ್ತದೆ, ಅದನ್ನು ತೆಗೆದುಹಾಕಿದೆ. ಅದೂ ಸಾಲದೆಂದು ಸೌಂಡನ್ನು ಇನ್ನಷ್ಟು ಎತ್ತುವ ಒಂದು ಆ್ಯಪ್ ಹಾಕಿಕೊಟ್ಟೆ. "ಈಗ ಯಂತ್ರದ ಅಪ್ಪನನ್ನೂ ಮೀರಿಸುತ್ತೆ, ಹೋಗು" ಎಂದೆ. ಮಗಳು ಮರುದಿನ ಸಂಜೆ ಬಂದು, "ಈಗ ಒಂದೊಂದು ಅಕ್ಷರಾನೂ ಕೇಳಿಸುತ್ತೆ" ಎಂದಾಗ ನಾನು ಬೀಗಿದ್ದೆ.

ಕಳೆದ ವರ್ಷದಿಂದ ಅವಳು ಮಾತುಮಾತಿಗೂ "ಹಾಂ?" ಎನ್ನತೊಡಗಿದಳು. ಕಿವಿಯಲ್ಲಿ ಒಂದು ಸಣ್ಣ ಸೀಟಿ ಕೂಗುತ್ತೆ ಎಂದು ಒಮ್ಮೆ ಹೇಳಿದ್ದಳು, ನೆಗಡಿ ಇರಬೇಕು ಎಂದಿದ್ದೆ. ಹೆಂಡತಿ, "ರೀ, ಇವಳಿಗೆ ಹಿಂದಿನಿಂದ ಕರೆದ್ರೆ ಗೊತ್ತಾಗ್ತಿಲ್ಲ ಕಣ್ರೀ" ಎಂದಳು. "ಅವಳು ನಿನ್ನ ಮಾತು ಯಾವತ್ತು ಕಿವಿ ಮೇಲೆ ಹಾಕ್ಕೊಂಡಿದ್ಲು?" ಎಂದು ತಮಾಷೆ ಮಾಡಿದೆ. ಹೆಂಡತಿ ನಗಲಿಲ್ಲ.

ಲಿಖಿತ ಪರೀಕ್ಷೆಯಲ್ಲಿ ಪುಟ್ಟಿ ನಾಲ್ಕನೆಯವಳಾಗಿ ಪಾಸಾದಳು. ಇನ್ನು ಉಳಿದದ್ದು ಕಿವಿಯ ಪರೀಕ್ಷೆಯೊಂದೇ. ಅದರಲ್ಲಿ ಪಾಸಾದರೆ ತಿಂಗಳೊಳಗೆ ಕೆಲಸ, ಇಲ್ಲವಾದರೆ ಇಲ್ಲ. ಅದೊಂದು ಶಾಸ್ತ್ರಕ್ಕೆ ಎಂದುಕೊಂಡು ನಾನೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜೊತೆಗೆ ಹೋದೆ.

ಅಲ್ಲಿ ಗಾಜಿನ ಕಿಟಕಿಯಿದ್ದ ಒಂದು ಪುಟ್ಟ ಕೋಣೆ. ಗೋಡೆಗೆಲ್ಲ ದಪ್ಪ ಸ್ಪಂಜು. ಪುಟ್ಟಿಯನ್ನು ಒಳಗೆ ಕೂರಿಸಿ, ತಲೆಗೊಂದು ದೊಡ್ಡ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಪರೀಕ್ಷೆ ಮಾಡುವ ಮೇಡಂ ಹೊರಗೆ ಯಂತ್ರದ ಮುಂದೆ ಕೂತರು. ನಾನೂ ಇದೇ ಕಸುಬಿನವನು ಎಂದು ಹಲ್ಲುಕಿರಿದು, ಅವರ ಬೆನ್ನ ಹಿಂದೆ ನಿಲ್ಲಲು ಅನುಮತಿ ಗಿಟ್ಟಿಸಿಕೊಂಡೆ. ನಿಲ್ಲಬಾರದಿತ್ತು.

ಯಂತ್ರದ ಮೇಲೆ ಎರಡು ದೀಪಗಳಿದ್ದವು. ಮೇಡಂ ಸದ್ದು ಕಳಿಸಿದಾಗ ಹಸಿರು ಹತ್ತುತ್ತಿತ್ತು. ಪುಟ್ಟಿ ಗುಂಡಿ ಒತ್ತಿದರೆ ಹಳದಿ. ಮೊದಮೊದಲು ಹಸಿರು, ಹಳದಿ, ಹಸಿರು, ಹಳದಿ ಎಂದು ಚೆನ್ನಾಗಿಯೇ ನಡೆಯಿತು. ಮೇಡಂ ತಿರುಗಣೆಯನ್ನು ಸಣ್ಣ, ಚೂಪು ಸದ್ದುಗಳ ಕಡೆ ತಿರುಗಿಸಿದರು. ಹಸಿರು ಹತ್ತಿತು. ಹಳದಿ ಹತ್ತಲಿಲ್ಲ. ಮೇಡಂ ಸದ್ದು ಏರಿಸಿದರು. ಮತ್ತೆ ಹಸಿರೊಂದೇ. ಗಾಜಿನ ಆಚೆ ನನ್ನ ಮಗಳು ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಮುಂದಕ್ಕೆ ಬಾಗಿ ಕೂತಿದ್ದಳು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಒತ್ತು ಪುಟ್ಟಿ, ಒತ್ತು ಎಂದು ನಾನು ಮನಸ್ಸಿನಲ್ಲೇ ಕೂಗಿಕೊಳ್ಳುತ್ತಿದ್ದೆ. ಇನ್ನೂ ಏರಿಸಿದಾಗ ಹಳದಿ ಹತ್ತಿತು, ಅದೂ ಒಂದೇ ಒಂದು ಸಲ. ಆಮೇಲೆ ಹಸಿರು ಹತ್ತದೆಯೇ ಹಳದಿ ಹತ್ತತೊಡಗಿತು. ಮೇಡಂ ಏನೂ ಕಳಿಸಿರಲಿಲ್ಲ. ಇವಳು ಕೇಳಿಸಿತೇನೋ ಎಂದುಕೊಂಡು ಒತ್ತುತ್ತಿದ್ದಳು.

ಹೊರಗೆ ಬಂದವಳು ನನ್ನನ್ನು ನೋಡಿ ನಕ್ಕು, "ಎಲ್ಲ ಕೇಳಿಸ್ತು ಅನ್ಸುತ್ತೆ ಅಪ್ಪ" ಎಂದಳು.

ಮೇಡಂ ಅವಳನ್ನು ಕೂರಿಸಿಕೊಂಡು ನಿಧಾನವಾಗಿ, ಮುಖಕ್ಕೆ ಮುಖ ಕೊಟ್ಟು ಮಾತಾಡಿದರು. ಎಲ್ಲಿ ಕೆಲಸ, ಎಷ್ಟು ವರ್ಷ, ಕಿವಿಗೆ ಏನು ಹಾಕಿಕೊಳ್ಳುತ್ತೀರಿ? ಪುಟ್ಟಿ ಚೀಲದಿಂದ ನನ್ನ ಅಂಗಡಿಯ ಇಯರ್‌ಫೋನು ತೆಗೆದು ತೋರಿಸಿದಳು.

"ಪ್ರೆಸ್ಸಲ್ಲಿ ಕಿವಿಗೆ ಏನೂ ಕೊಡಲ್ವಾ?"

"ಹತ್ತಿ ಕೊಡ್ತಾರೆ ಮೇಡಂ. ಹತ್ತಿ ಇಟ್ಕೊಂಡ್ರೆ ಇದು ಹಿಡಿಸಲ್ಲ."

ಮೇಡಂ ಅದನ್ನು ಕೈಯಲ್ಲಿ ಹಿಡಿದು ನೋಡಿದರು. "ಇದು ಕಿವೀನ ಮುಚ್ಚಲ್ಲಮ್ಮ. ಯಂತ್ರದ ಸದ್ದು ಪೂರ್ತಿ ಒಳಗೆ ಬರುತ್ತೆ. ಅದರ ಮೇಲೆ ಪಾಠ ಕೇಳಿಸ್ಬೇಕು ಅಂದ್ರೆ ಅದಕ್ಕಿಂತ ಜೋರು ಇಡ್ಬೇಕು. ಎರಡೂ ಸೇರಿ ಕಿವಿ ತಿಂದುಹಾಕಿವೆ."

ನಾನು ಬಾಯಿ ಹಾಕಿದೆ. ಸುಮ್ಮನಿರಲಾಗಲಿಲ್ಲ. "ಮೇಡಂ, ದುಬಾರಿದಾದ್ರೂ ಒಳಗಿರೋದು ಅದೇ ಅಲ್ವಾ? ಅದೇ ಅಯಸ್ಕಾಂತ..."

"ಒಳಗಿರೋದು ಅದೇ ಇರ್ಬಹುದು. ಸುತ್ತ ದಪ್ಪ ಮೆತ್ತೆ ಇರುತ್ತಲ್ಲ, ಹೊರಗಿನ ಗದ್ದಲ ತಡೆಯೋದು ಅದು. ಅದಿದ್ರೆ ಕಡಿಮೆ ಸೌಂಡಲ್ಲೇ ಕೇಳಿಸ್ತಿತ್ತು." ಪುಟ್ಟಿಯ ಮೊಬೈಲು ಈಸಿಕೊಂಡು ನೋಡಿ ಕೇಳಿದರು. "ಈ ಮೊಬೈಲಲ್ಲಿ ಮಿತಿ ಇರುತ್ತೆ. ಅದನ್ನ ಯಾರು ತೆಗೆದಿದ್ದು?"

ಪುಟ್ಟಿ ನನ್ನ ಕಡೆ ನೋಡಲೇ ಇಲ್ಲ. "ನಾನೇ ಮೇಡಂ" ಎಂದುಬಿಟ್ಟಳು.

ವಾಸಿಯಾಗುತ್ತದೆಯೇ ಎಂದು ಕೇಳಿದೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದರು. ಬಸ್ಸಿನಲ್ಲಿ ಪಕ್ಕಪಕ್ಕದಲ್ಲಿ ಕೂತು ಮನೆಗೆ ಬಂದೆವು. ನಾನು ಎರಡು ಸಲ ಅವಳ ಹೆಸರು ಹಿಡಿದು ಕರೆದೆ. ಅವಳು ಕಿಟಕಿಯ ಕಡೆ ತಿರುಗಿದ್ದಳು. ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದಳೋ ತಿಳಿಯದು.

ಮರುದಿನ ಅವಳ ಪ್ರೆಸ್ಸಿಗೆ ಹೋದೆ, ಇನ್ನು ಮುಂದೆ ಅವಳನ್ನು ಆ ಯಂತ್ರದ ಹತ್ತಿರ ನಿಲ್ಲಿಸಬೇಡಿ ಎಂದು ಕೇಳಿಕೊಳ್ಳಲು. ಮೂರು ವರ್ಷದಲ್ಲಿ ನಾನು ಅದರ ಗೇಟು ದಾಟಿರಲಿಲ್ಲ. ಬಾಗಿಲು ತೆರೆದದ್ದೇ ತಡ, ಸದ್ದು ಎದೆಗೇ ಗುದ್ದಿತು. ಮೇಲ್ವಿಚಾರಕ ಏನೋ ಹೇಳಿದ; ಅವನ ತುಟಿ ಆಡಿದ್ದಷ್ಟೇ ಕಂಡಿತು. ನಾನು ಉತ್ತರ ಕೊಟ್ಟೆ, ನನ್ನ ದನಿ ನನಗೇ ಕೇಳಲಿಲ್ಲ. ಜೇಬಿನಲ್ಲಿದ್ದ ಇಯರ್‌ಫೋನು ಕಿವಿಗೆ ಹಾಕಿಕೊಂಡು ಸೌಂಡ್ ಪೂರ್ತಿ ಏರಿಸಿದೆ. ಎಲ್ಲೋ ದೂರದಲ್ಲಿ ಯಾರೋ ಹಾಡಿದಂತಿತ್ತು. ಇಲ್ಲಿ ನಿಂತು ನನ್ನ ಮಗಳು ರಕ್ತ ಸೋರುವುದನ್ನು ನಿಲ್ಲಿಸುವುದು ಹೇಗೆ, ಉಸಿರು ಕಟ್ಟಿದ ಮಗುವನ್ನು ಹಿಡಿಯುವುದು ಹೇಗೆ ಎಂದು ಕಲಿತಿದ್ದಳು. ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನ ಪಕ್ಕದ ಕಟ್ಟೆಯ ಮೇಲೆ ಕೂತು ಅತ್ತೆ. ಯಾರು ನೋಡಿದರೋ, ಯಾರು ಬಿಟ್ಟರೋ.

ಅವಳಿಗೆ ಲೆಕ್ಕಪತ್ರದ ಕೋಣೆಗೆ ಬದಲಿ ಸಿಕ್ಕಿತು. ಆಂಬುಲೆನ್ಸಿನವರಿಂದ ವಿಷಾದದ ಪತ್ರವೂ ಬಂತು. ಹೆಂಡತಿ ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. "ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ ಅಲ್ವೇನ್ರೀ" ಎಂದು ಹೇಳಿ ಬಟ್ಟೆ ಒಣಗಿಸಲು ಹೋದಳು.

ಆಮೇಲೆ ಒಂದು ಸಂಜೆ ನಾನು ಆ ಮೂಗು ಮುರಿಯುವವರು ಕೊಳ್ಳುವ ಅಂಗಡಿಗೇ ಹೋಗಿ, ಇರುವುದರಲ್ಲಿ ಒಳ್ಳೆಯ ಹೆಡ್‌ಫೋನು ತಂದೆ. ಯಾವ ಗದ್ದಲವನ್ನೂ ಒಳಗೆ ಬಿಡದ ಜಾತಿ. ತಡವಾಗಿದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ತಂದೆ. ಪುಟ್ಟಿ ಪೆಟ್ಟಿಗೆ ನೋಡಿ, "ಏನಪ್ಪ ಇದು, ನಿನಗೆ ತಲೆ ಕೆಟ್ಟಿದೆಯಾ" ಎಂದು ನಕ್ಕಳು. ನನ್ನ ಸಮಾಧಾನಕ್ಕೆ ಹಾಕಿಕೊಂಡಳು. ಹಾಡು ಇನ್ನೂ ಹಚ್ಚಿರಲಿಲ್ಲ. ಬೀದಿಯ ಸದ್ದು, ಪಕ್ಕದ ಮನೆಯ ಟಿವಿ ಎಲ್ಲ ಅವಳ ಪಾಲಿಗೆ ನಿಂತುಹೋಗಿರಬೇಕು. ಎಷ್ಟು ನೆಮ್ಮದಿ ಎನ್ನುತ್ತಾಳೆಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

ಅವಳ ಮುಖ ಬಿಳಿಚಿಕೊಂಡಿತು. ಎರಡೂ ಕೈಯಿಂದ ಅದನ್ನು ಕಿತ್ತು ಹಾಸಿಗೆಯ ಮೇಲೆ ಹಾಕಿದಳು.

"ಬೇಡಪ್ಪ. ಹೊರಗಿಂದೆಲ್ಲ ನಿಂತುಹೋದ್ರೆ ಆ ಸೀಟಿ ಒಂದೇ ಕೇಳಿಸುತ್ತೆ. ತುಂಬಾ ಜೋರು. ನಿಲ್ಲೋದೇ ಇಲ್ಲ." ಪರೀಕ್ಷೆಯಾದ ಮೇಲೆ ಅವಳು ಅತ್ತದ್ದು ಅದೇ ಮೊದಲು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಕಣ್ಣು ಒರೆಸಿಕೊಂಡು, "ಏನಾದ್ರೂ ಮಾತಾಡಪ್ಪ. ಯಾರಾದ್ರೂ ಮಾತಾಡ್ತಿದ್ರೆ ಅದು ಅಷ್ಟಾಗಿ ಗೊತ್ತಾಗಲ್ಲ" ಎಂದಳು.

ಇಪ್ಪತ್ತಾರು ವರ್ಷ ಬಾಯಿಯಿಂದಲೇ ಹೊಟ್ಟೆ ಹೊರೆದವನ ಬಾಯಿಗೆ ಬಂದದ್ದು ಇಷ್ಟೇ. "ಎಲ್ಲ ನನ್ನಿಂದಾನೇ ಆಗಿದ್ದು ಪುಟ್ಟಿ. ನಾನೇ ಹಾಳು ಮಾಡ್ದೆ" ಎಂದೆ.

"ಅದು ಬೇಡ. ಬೇರೆ ಏನಾದ್ರೂ ಹೇಳು. ಅಂಗಡೀದು ಹೇಳು."

"ಬೆಳಿಗ್ಗೆ ಒಬ್ಳು ಹುಡುಗಿ ಬಂದಿದ್ಲು. ದುಬಾರಿದು ತಗೊಂಡ್ರೆ ದಂಡಾನಾ, ಅಗ್ಗದ್ದೇ ಸಾಕಾ ಅಂತ ಕೇಳಿದ್ಲು."

"ಬಿಚ್ಚಿ ತೋರಿಸಿದ್ಯಾ?"

"ಇಲ್ಲ."

"ಮತ್ತೇನಂದೆ?"

"ಎಲ್ಲಿ ನಿಂತು ಕೇಳ್ತೀಯ ಮಗಳೇ ಅಂದೆ."

ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕೇಳಿಸಲಿಲ್ಲವೇನೋ ಎಂದು ನಾನು ಅದನ್ನೇ ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ.

"ಕೇಳಿಸ್ತು ಅಪ್ಪ" ಎಂದಳು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. "ನಿಲ್ಲಿಸ್ಬೇಡ. ಮಾತಾಡ್ತಾ ಇರು."