ಎಡಮಗ್ಗುಲ ಸೀಳು

ಕಿಟಕಿಯಾಚೆ ಮೊದಲು ಹಗ್ಗ ಇಳಿಯಿತು, ಆಮೇಲೆ ಬುಟ್ಟಿಯ ತಳ, ಆಮೇಲೆ ಬುಟ್ಟಿ, ಮೇಲಿನ ಮನೆಯ ಲೂನಾಳದ್ದೇ, ಮುರಿದ ಹಿಡಿಗೆ ನೀಲಿ ಬಟ್ಟೆ ಸುತ್ತಿದೆ, ಸುತ್ತಿ ಹೊಲಿದುಕೊಟ್ಟವನು ಹೆಸ್ಕೇಲನೇ — ಒಳಗೆ ಸುಲಿದ ಮೊಟ್ಟೆ, ಮುಚ್ಚಿದ ಬಟ್ಟಲಲ್ಲಿ ಬೇಳೆ, ರೊಟ್ಟಿ, ಬುಟ್ಟಿ ನಿಂತು ತನ್ನಷ್ಟಕ್ಕೆ ತಿರುಗುತ್ತಿದೆ, ಮೊಟ್ಟೆ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ನಯೀಮಾ, ತಗೊಳ್ಳೇ, ತಣ್ಣಗಾಗುತ್ತೆ, ಲೂನಾಳ ದನಿ ಮೇಲಿನಿಂದ ಬೀಳುತ್ತದೆ. ತಗೊಳ್ಳಬೇಕು. ಮಣ್ಣು ಕೊಟ್ಟ ದಿನದ ಮೊದಲ ತುತ್ತು ತನ್ನ ಒಲೆಯದಾಗಬಾರದು, ನೆರೆಯವರ ಕೈಯಿಂದ ಬರಬೇಕು, ಬಂದಿದೆ, ಹಗ್ಗ ಹಿಡಿದು ಬಂದಿದೆ, ಮನೆಯೊಳಗೆ ಯಾರೂ ಬರುವಂತಿಲ್ಲವಲ್ಲ, ಅವಳೂ ಹೊರಗೆ ಹೋಗುವಂತಿಲ್ಲ, ಗಂಡ ಹೆಸ್ಕೇಲನನ್ನು ಒಯ್ದ ಜಾಡ್ಯ ಅವಳಿಗೂ ಹತ್ತಿದೆ, ಅವಳಿಗೆ ಮೂಗು ಮಾತ್ರ ಸತ್ತಿದೆ, ಬೇಳೆಯ ಜೀರಿಗೆ ವಾಸನೆ ಬರುವುದಿಲ್ಲ, ಸಾಬೂನಿನದೂ ಬರುವುದಿಲ್ಲ, ಅಳುವೂ ಬರುವುದಿಲ್ಲ, ಎಲ್ಲಕ್ಕೂ ಒಂದೇ ಬಾಗಿಲೇನೋ, ಒಟ್ಟಿಗೇ ಮುಚ್ಚಿಕೊಂಡಿದೆ. ಅವಳು ಗಿಡ್ಡ ಮಣೆಯ ಮೇಲೆ ಕುಳಿತಿದ್ದಾಳೆ, ಬರಿಗಾಲು, ಎದುರಿನ ಕನ್ನಡಿಗೆ ಬೆಳಿಗ್ಗೆಯೇ ಬಿಳಿ ಹೊದಿಕೆ ಹಾಕಿದ್ದಾಳೆ, ಸೂತಕದ ಮನೆಯಲ್ಲಿ ಯಾರೂ ಮುಖ ನೋಡಿಕೊಳ್ಳಬಾರದು, ಕನ್ನಡಿ ಮುಚ್ಚಿದೆ ಎಂದುಕೊಂಡಳು, ಆದರೆ ಮೇಜಿನ ಮೇಲೆ ಫೋನಿತ್ತು, ಎಣ್ಣೆಯ ಶೀಶೆಗೆ ಒರಗಿಸಿಟ್ಟ ಫೋನು, ಅದರೊಳಗೆ ಗುಡ್ಡದ ಮೇಲಿನ ಸ್ಮಶಾನ, ಅದರೊಳಗೆ ಬಿಳಿ ಅಂಗಿ ತೊಟ್ಟು ಮುಖ ಮುಚ್ಚಿಕೊಂಡ ರಹಮೀಮ್.

ಯೆಹೂದಿಗಳ ಮಣ್ಣು ಮಾಡುವ ಸಂಘದ ರಹಮೀಮ್ ಒಳ್ಳೆಯವನು, ಹೆಸ್ಕೇಲನ ಹತ್ತಿರವೇ ಮದುವೆಯ ಕೋಟು ಹೊಲಿಸಿದ್ದವನು, ನಯೀಮಾಮ್ಮಾ ಕೇಳಿಸ್ತಿದೆಯಾ, ಗಾಳಿ ಜಾಸ್ತಿ ಇಲ್ಲಿ, ಎದ್ದು ನಿಂತ್ಕೊಳ್ಳಿ, ಕತ್ತರಿ ಇದೆಯಾ, ಉಡುಪಿನ ಕೊರಳ ತುದೀಲಿ ಒಂಚೂರು ಕತ್ತರಿಸಿ ಆಮೇಲೆ ಕೈಯಲ್ಲಿ — ಅಷ್ಟರಲ್ಲಿ ದನಿ ಹೋಯಿತು. ಬಾಯಿ ಮುಚ್ಚಿದ ಬಟ್ಟೆ ಮಾತ್ರ ಅಲುಗುತ್ತಿತ್ತು. ಅವನು ತನ್ನ ಎದೆಯ ಮೇಲೆ ಕೈಯಿಟ್ಟು ತೋರಿಸಿದ, ಇಲ್ಲಿ, ಇಲ್ಲಿ, ಅವಳು ನೋಡಿ ಹಾಗೆಯೇ ಕೈಯಿಟ್ಟಳು, ಕನ್ನಡಿಯೆದುರು ನಿಂತವಳ ಹಾಗೆ, ಅವನ ಕೈ ಕಂಡ ಕಡೆಗೇ ತನ್ನ ಕೈ, ಕತ್ತರಿ ಕಚ್ಚಿತು, ಅರಿವೆ ಕೊರಳಂಚಿನಿಂದ ಎದೆಯವರೆಗೆ ಪರ್ರೆಂದು ಹರಿಯಿತು, ನ್ಯಾಯವಂತನಾದ ಒಡೆಯನೇ ನಿನಗೆ ಸ್ತುತಿ ಎಂದಳು, ಆಮೇಲೆ ಮಣ್ಣು ಬೀಳುವುದನ್ನು ನೋಡಿದಳು, ಅದಕ್ಕೂ ದನಿಯಿರಲಿಲ್ಲ. ಫೋನು ಕತ್ತಲಾದ ಮೇಲೆ ತಲೆ ಬಗ್ಗಿಸಿದರೆ ಸೀಳು ಎಡಕ್ಕಿತ್ತು. ಎಡಕ್ಕೆ. ಎಡ ಸೀಳು ಸತ್ತ ಅಪ್ಪ ಅಮ್ಮನಿಗೆ, ಬಲ ಉಳಿದವರಿಗೆಲ್ಲ, ಗಂಡನಿಗೆ ಬಲ. ಬೇರೆ ಯಾರಾದರೂ ಮರೆಯಬಹುದು, ದರ್ಜಿಯ ಹೆಂಡತಿ ಮರೆಯುವುದೇ, ಎಷ್ಟು ಜನ ಸೂತಕ ಕಳೆದು ಹರಿದ ಅಂಗಿ ಹಿಡಿದು ಅಂಗಡಿಗೆ ಬರುತ್ತಿದ್ದರು, ಹೆಸ್ಕೇಲ್ ಬಾಯಲ್ಲಿ ದಾರ ಕಚ್ಚಿಕೊಂಡೇ ಕೇಳುತ್ತಿದ್ದ, ಯಾವ ಕಡೆ, ಬಲವಾದರೆ ಕೊಡಿ, ಗುರುತೇ ಸಿಗದ ಹಾಗೆ ಹೊಲಿದುಕೊಡ್ತೀನಿ, ಎಡವಾದರೆ ತಗೊಂಡು ಹೋಗಿ ಸ್ವಾಮೀ, ಅಪ್ಪನ ಸೀಳಿಗೆ ಹೊಲಿಗೆ ಇಲ್ಲ, ಅದು ಹಾಗೇ ಇರಬೇಕು ಸಾಯೋವರೆಗೂ. ಗಿರಾಕಿ ಹೋದ ಮೇಲೆ ದಾರದ ತುದಿ ಅವನ ಕೆಳತುಟಿಗೆ ಅಂಟಿಕೊಂಡೇ ಇರುತ್ತಿತ್ತು, ಊಟಕ್ಕೆ ಕುಳಿತಾಗಲೂ, ಥೂ ತೆಗೆಯೋ ಅದನ್ನ, ಮೇಕೆ ಹುಲ್ಲು ಮೇದು ಬಂದ ಹಾಗೆ, ಎಂದು ಬೈದು ಅವಳೇ ಬೆರಳಿಂದ ತೆಗೆಯುತ್ತಿದ್ದಳು, ಅವನು ಬೇಕೆಂದೇ ಬಿಟ್ಟುಕೊಂಡು ಬರುತ್ತಿದ್ದನೋ ಏನೋ.

ನಯೀಮಾ, ನಿದ್ದೆ ಬಂತೇನೇ, ನನ್ನ ಕೈ ಸೋತುಹೋಗುತ್ತೆ ಮಾರಾಯ್ತಿ. ಅವಳು ಮಣೆಯಿಂದಲೇ ಕೂಗಿ ಹೇಳಿದಳು, ಲೂನಾ, ಎಡಕ್ಕೆ ಹರಿದುಬಿಟ್ಟೆ ಕಣೇ, ಹೆಸ್ಕೇಲನಿಗೆ ಎಡಕ್ಕೆ ಹರಿದೆ, ಅವನ ಸೀಳು ಇಲ್ಲದೆ ಅವನ ಹೆಸರಿನ ತುತ್ತು ಹೇಗೆ ತಿನ್ನಲಿ. ಮೇಲಿನಿಂದ ಲೂನಾ, ಹೋಗೇ, ಅವನಿಗೆ ಎಡ ಯಾವುದು ಬಲ ಯಾವುದು ಯಾವತ್ತು ಗೊತ್ತಿತ್ತು, ಎರಡು ಕಾಲಿಗೂ ಒಂದೇ ಕಾಲಿನ ಚಪ್ಪಲಿ ಹಾಕ್ಕೊಂಡು ಪ್ರಾರ್ಥನೆಗೆ ಬಂದವನಲ್ಲವಾ, ನಕ್ಕಳು, ನಗು ಮಧ್ಯದಲ್ಲೇ ಒಡೆದು ಬೇರೇನೋ ಆಯಿತು, ಮೂಗು ಸೀಟುವ ಸದ್ದು, ರಹಮೀಮನ್ನ ಕೇಳು, ಹೊತ್ತು ಮುಳುಗೋದ್ರೊಳಗೆ ಕೇಳು, ಮೊಟ್ಟೆ ಇವತ್ತಿನದು, ನಾಳೆಗಲ್ಲ. ಕೇಳಿದಳು. ಅಯ್ಯೋ, ಫೋನಿನಲ್ಲಿ ರಹಮೀಮ್, ನಾನು ಕೈ ತೋರಿಸಿದ್ದು ನೋಡಿ ನೀವು — ನನ್ನದೇ ತಪ್ಪಮ್ಮ, ಆದ್ರೂ ಸಲ್ಲುತ್ತೆ, ಹರಿದದ್ದು ಹರೀತು, ಮತ್ತೆ ಹರೀಬೇಕಾಗಿಲ್ಲ, ಊಟ ಮಾಡಿ, ಸಂಜೆ ಬಾಲ್ಕನಿಗಳಲ್ಲಿ ಹತ್ತು ಗಂಡಸರು ನಿಲ್ತಾರೆ, ಅವರ ಹೆಸರಿನ ಕದ್ದಿಶ್ ಪ್ರಾರ್ಥನೆ ನಾನೇ ಹೇಳ್ತೀನಿ ಕೆಳಗೆ ರಸ್ತೇಲಿ ನಿಂತು, ನೀವು ಕಿಟಕಿಯಿಂದ ಆಮೆನ್ ಅನ್ನಿ ಸಾಕು. ಸಲ್ಲುತ್ತದೆ. ಸಲ್ಲುತ್ತದೆ ಎಂದರೆ ಯಾರಿಗೆ. ಎಡಗಡೆಯ ಆ ಜಾಗ ಬಹಳ ಕಾಲದಿಂದ ಖಾಲಿ ಇತ್ತು, ಅದು ರಹಮೀಮನಿಗೆ ಗೊತ್ತಿಲ್ಲ, ಲೂನಾಳಿಗೂ ಇಲ್ಲ — ವಲಸೆ ಬಂದವರ ಗುಡಾರ, ಮಳೆ ನಿಂತ ಕೆಸರು, ಅಪ್ಪ ಬಾಗ್ದಾದಿನಲ್ಲಿ ಅಂಗಡಿ ಮಾರಿ ಹಿಂದೆಯೇ ಬರುತ್ತೇನೆಂದು ಉಳಿದವನು, ಯಾರೋ ಒಬ್ಬ ಗುಡಾರದ ಬಾಯಲ್ಲಿ ಟೋಪಿ ಸರಿಮಾಡಿಕೊಳ್ಳುತ್ತ ನಿಂತು ಹೇಳುತ್ತಿದ್ದಾನೆ, ಹೋಗಿ ವರ್ಷವಾಯ್ತಂತಮ್ಮ. ತಡವಾಗಿ ಬಂದ ಸುದ್ದಿಗೆ ಒಂದು ಗಂಟೆಯ ಸೂತಕ, ಅಷ್ಟೇ, ಪೆಟ್ಟಿಗೆಯ ಮೇಲೆ ಕುಳಿತು ಬೂಟು ಬಿಚ್ಚಿದಳು, ಹದಿಮೂರರ ಹುಡುಗಿ, ಕೊರಳಿಗೆ ಕೈ ಹಾಕಿದರೆ ಅಮ್ಮ ಕೈ ಹಿಡಿದಳು, ಇದು ಪಕ್ಕದ ಗುಡಾರದ ಹುಡುಗೀದು ಕಣೇ, ಕಂಡವರ ಬಟ್ಟೆ ಹರೀಬಾರದು, ನಿನ್ನದು ಒಣಗಲಿ, ನಾಳೆ ಹರಿಯೋಣ. ನಾಳೆ ಬಟ್ಟೆ ಒಣಗಿತು. ಅಮ್ಮ ಕಿತ್ತಳೆ ಬಿಡಿಸುವ ಕೂಲಿಗೆ ಹೋಗಿದ್ದಳು, ಸಂಜೆ ಬಂದವಳು ಏನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ, ಆ ಉಡುಪು ಚಿಕ್ಕದಾಗುವವರೆಗೆ ತೊಟ್ಟಳು, ಎಡಗಡೆ ಒಂದು ಎಳೆಯೂ ಬಿಚ್ಚದೆ. ಅಮ್ಮನಿಗೆ ಎಡಕ್ಕೆ ಹರಿದಳು, ಅದು ಅಮ್ಮನದು, ಅಪ್ಪನದು ಮಾತ್ರ ಎಲ್ಲೋ ಕಾಯುತ್ತ ನಿಂತಿತ್ತು, ಈಗ ಬಂದು ತನ್ನದನ್ನು ತೆಗೆದುಕೊಂಡು ಹೋಯಿತು, ದೇವರು ತಡಮಾಡುತ್ತಾನೆ, ಮರೆಯುವುದಿಲ್ಲ, ಹೋಗಲಿ, ಒಳ್ಳೆಯದೇ ಆಯಿತು ಅಪ್ಪಾ, ಆದರೆ ಇವನಿಗೆ, ಇವನಿಗೆ ಏನು ಉಳಿಯಿತು, ಬೆಳಿಗ್ಗೆ ಎದ್ದು ಇವನಿಗೆಂದು ನಿಂತವಳು ಕೈಗೆ ಸಿಕ್ಕಿದ್ದನ್ನು ಬೇರೆಯವರಿಗೆ ಕೊಟ್ಟುಬಿಟ್ಟೆನಲ್ಲ.

ಬುಟ್ಟಿ ತಿರುಗುತ್ತದೆ. ಗೋಡೆಯ ಮೇಲಿನ ಬೆಳಕು ಹಳದಿಯಾಗಿದೆ, ಮೇಲೆ ಬಾನಾಡಿಗಳು ಕಿರುಚುತ್ತ ಸುತ್ತುತ್ತಿವೆ, ಒಂದೊಂದು ಬಾಲ್ಕನಿಯಲ್ಲೂ ಕುರ್ಚಿ ಎಳೆಯುವ ಸದ್ದು, ಗಂಡಸರು ಕೆಮ್ಮುತ್ತಾರೆ, ಕೆಮ್ಮಿ ಹೆದರಿ ಸುಮ್ಮನಾಗುತ್ತಾರೆ — ಹೆಸ್ಕೇಲನ ಕೆಮ್ಮು ಮೊದಲು ಹೀಗೆಯೇ ಇತ್ತು, ದೂಳು ಕಣೇ, ಬಟ್ಟೆಯ ದೂಳು, ಆಮೇಲೆ ಮೆಟ್ಟಿಲ ಮೇಲೆ ಬಿಳಿ ಉಡುಪಿನವರು, ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತಿದ್ದಾರೆ, ಉಸಿರಿನ ಕೊಳವೆ ಹಾಕುವ ಮುನ್ನ ಅವನು ತಿರುಗಿ ನೋಡುತ್ತಾನೆ, ಕೆಳತುಟಿಯ ಮೇಲೆ ದಾರ, ಬಿಳಿ, ಉಗುರಿನಷ್ಟುದ್ದ, ತೆಗೆಯಲೆಂದು ಅವಳ ಕೈ ಹೋಗಿದೆ, ಅಮ್ಮಾ ಮುಟ್ಟಬೇಡಿ, ದೂರ, ದೂರ ನಿಂತ್ಕೊಳ್ಳಿ. ನಿಂತಳು. ಅವರಿಗೆ ದಾರ ಕಂಡಿತೋ ಇಲ್ಲವೋ, ಕೊಳವೆಯ ಕೆಳಗೆ ಅದು ಹಾಗೆಯೇ ಇತ್ತೋ, ತೊಳೆಯುವಾಗ ರಹಮೀಮ್ ತೆಗೆದನೋ, ತೊಳೆಯಲು ಬಿಟ್ಟರೋ ಇಲ್ಲವೋ, ಕೇಳಬಾರದು, ಕೇಳಿದರೆ ಹೇಳಿಬಿಡುತ್ತಾನೆ.

ಅವಳು ಎದ್ದಳು. ನಿಂತೇ ಹರಿಯಬೇಕು. ಬೇಕಾಗಿಲ್ಲ ಎಂದಿದ್ದಾನೆ, ಇರಲಿ, ಒಡೆಯನು ಕ್ಷಮಿಸುವನು, ಇನ್ನೊಂದು ಗೇಣು ಅರಿವೆ ತಾನೇ. ಕತ್ತರಿ ಎಲ್ಲಿಟ್ಟಳೋ, ಬೆಳಕು ಇನ್ನಷ್ಟು ಇಳಿದಿದೆ, ಬಲಗಡೆಯ ಕೊರಳಂಚನ್ನು ಎರಡು ಕೈಯಲ್ಲಿ ಹಿಡಿದು ಎಳೆದಳು, ಬರಲಿಲ್ಲ, ಮತ್ತೆ ಎಳೆದಳು, ಅವನೇ ಹೊಲಿದ ಉಡುಪು, ಜೋಡಿ ಹೊಲಿಗೆ, ಬೇಗ ಹರಿಯೋ ಬಟ್ಟೆ ನನ್ನ ಅಂಗಡೀದಲ್ಲ ಎನ್ನುತ್ತಿದ್ದವನು, ಬಿಡೋ, ಬಿಡೋ ಹೆಸ್ಕೇಲ್ ಎಂದಳು ಬಾಯಿಬಿಟ್ಟು, ನಯೀಮಾ ಯಾರ ಹತ್ರ ಮಾತಾಡ್ತಿದೀಯೇ ಎಂದು ಮೇಲಿನಿಂದ ಲೂನಾ, ಅವಳು ಅಂಚನ್ನು ಬಾಯಿಗೆ ತಂದು ಅವನು ಕಚ್ಚುತ್ತಿದ್ದ ಹಾಗೆಯೇ ಓರೆಹಲ್ಲಿನಿಂದ ಕಚ್ಚಿದಳು, ಟಪ್ಪೆಂದು ಒಂದು ಹೊಲಿಗೆ, ಇನ್ನೊಂದು, ಆಮೇಲೆ ಅರಿವೆ ತಾನಾಗಿ ಬಾಯಿಬಿಟ್ಟು ಕೆಳಗಿಳಿಯಿತು, ಬಲಕ್ಕೆ, ಇದು ಬಲ, ಇದನ್ನು ತಿಂಗಳು ಕಳೆದ ಮೇಲೆ ಹೊಲಿಸಬಹುದು, ಗುರುತೇ ಸಿಗದ ಹಾಗೆ, ಯಾವ ಕಡೆ ಎಂದು ಕೇಳುವವನು — ಕೆಳಗೆ ರಸ್ತೆಯಲ್ಲಿ ರಹಮೀಮ್ ಗಂಟಲು ಸರಿಮಾಡಿಕೊಂಡ, ಬಾಲ್ಕನಿಗಳೆಲ್ಲ ಸುಮ್ಮನಾದವು, ಆಮೆನ್ ಅನ್ನಬೇಕು, ಬಾಯಿ ತೆರೆದಳು, ತುಟಿಗೆ ಏನೋ ಅಂಟಿದೆ, ಕೆಳತುಟಿಗೆ, ತೆಗೆಯಲೆಂದು ಕೈ ಎತ್ತಿದಳು, ಎತ್ತಿದ ಕೈ ಅಲ್ಲೇ ನಿಂತಿತು, ದಾರ, ಬಿಳಿ, ಉಗುರಿನಷ್ಟುದ್ದ.